ದೊರೆಯ ದವಡೆ

ಮಗಳ ದವಡೆಯ ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು, ಮನೆತನದಲ್ಲಿ ಯಾರಿಗಾದರೂ ಕೆಳದವಡೆ ಹೀಗೆ ಮುಂದೆ ಚಾಚಿದೆಯೇ ಎಂದು ವಿಚಾರಿಸಿದರು. ನಾನು ಬಾಯಿ ತೆರೆಯಬೇಕಾಗಿರಲಿಲ್ಲ. ನನ್ನ ಗದ್ದವೇ ಉತ್ತರವಾಗಿತ್ತು. ನನ್ನ ತಂದೆ ಕೈಹಿಡಿದದ್ದು ತಮ್ಮ ಅಕ್ಕನ ಮಗಳನ್ನು. ಸ್ಪೇನಿನ ದೊರೆ ಎರಡನೆಯ ಕಾರ್ಲೋಸನ ಬದುಕು ನನ್ನನ್ನು ಕಾಡತೊಡಗಿದ್ದು ಆ ದಿನದಿಂದ.

ಹ್ಯಾಬ್ಸ್‌ಬರ್ಗ್ ಮನೆತನ ರಾಜ್ಯ ಕೈತಪ್ಪದಿರಲೆಂದು ತಲೆತಲಾಂತರದಿಂದ ರಕ್ತಸಂಬಂಧದೊಳಗೇ ಮದುವೆ ಮಾಡಿಕೊಂಡು ಬಂದಿತ್ತು. ಕಾರ್ಲೋಸನ ತಂದೆ ನಾಲ್ಕನೆಯ ಫಿಲಿಪ್, ತನ್ನ ಮಗನಿಗೆಂದು ಗೊತ್ತುಮಾಡಿದ್ದ ತಂಗಿಯ ಮಗಳು ಮರಿಯಾನಾಳನ್ನು, ಆ ಮಗ ತೀರಿಕೊಂಡ ಮೇಲೆ 1649ರಲ್ಲಿ ತಾನೇ ವರಿಸಿದ. ಆತನಿಗೆ 44, ಆಕೆಗೆ 14. ಅವರ ಎಳೆಯ ಯುವರಾಜ 1661ರ ನವೆಂಬರ್ 1ರಂದು ಅಸುನೀಗಿದ; ಐದನೆಯ ದಿನಕ್ಕೆ ಕಾರ್ಲೋಸ್ ಹುಟ್ಟಿದ. ನಾಲ್ಕು ತುಂಬುವ ಮೊದಲೇ ತಲೆಯ ಮೇಲೆ ಕಿರೀಟ ಬಂತು.

ನಡೆಯುವುದನ್ನೂ ಮಾತನ್ನೂ ಆತ ಕಲಿತದ್ದು ತಡವಾಗಿ. ಮೇಲಿನ ಹಲ್ಲಿಗೆ ಕೆಳಗಿನದು ಕೂಡುತ್ತಿರಲಿಲ್ಲ. ಅನ್ನವನ್ನು ಅಗಿಯದೆ ನುಂಗುತ್ತಿದ್ದ. ಆಸ್ಥಾನದ ಚಿತ್ರಕಾರ ಕರೇನ್ಯೋ ಕೂಡ ಆ ದವಡೆಯನ್ನು ಮುಚ್ಚಿಡಲಾಗಲಿಲ್ಲ. ಎರಡು ಮದುವೆಯಾದರೂ ಮಕ್ಕಳಾಗದಿದ್ದಾಗ ಮಾಟದ ಶಂಕೆ ಹುಟ್ಟಿ, ದೆವ್ವ ಬಿಡಿಸುವವರು ಅರಮನೆ ಹೊಕ್ಕರು. ದೋಷ ವಂಶವೃಕ್ಷದಲ್ಲಿರಬಹುದೆಂದು ಯಾರಿಗೂ ಹೊಳೆಯಲಿಲ್ಲ.

2009ರಲ್ಲಿ ಸ್ಪೇನಿನ ತಳಿವಿಜ್ಞಾನಿಗಳು ಲೆಕ್ಕ ಹಾಕಿದರು: ಒಡಹುಟ್ಟಿದವರಿಗೆ ಜನಿಸಿದ ಮಗುವಿನಲ್ಲಿ ಕಾಣಬಹುದಾದಷ್ಟೇ, ಒಂದು ಕೂದಲು ಹೆಚ್ಚೇ, ರಕ್ತಸಾಮೀಪ್ಯ ಕಾರ್ಲೋಸನಲ್ಲಿತ್ತು. 2019ರಲ್ಲಿ ಹತ್ತು ಮಂದಿ ಮುಖ-ದವಡೆ ಶಸ್ತ್ರತಜ್ಞರು ಈ ಮನೆತನದ 15 ಜನರ 66 ಭಾವಚಿತ್ರಗಳನ್ನು ಪರೀಕ್ಷಿಸಿದಾಗ, ರಕ್ತಸಾಮೀಪ್ಯ ಹೆಚ್ಚಿದಂತೆ ಗದ್ದದ ಚಾಚೂ ಹೆಚ್ಚಿದ್ದು ಕಂಡಿತು. ಹಾಗೆಂದು ಚಾಚುದವಡೆಯವರೆಲ್ಲ ಇಂಥ ಮದುವೆಯ ಸಂತಾನವೆಂದಲ್ಲ. ಅದು ಹೊರಗಿನ ಸಂಬಂಧ ತಂದ ಮನೆಗಳಲ್ಲೂ ವಂಶವಾಹಿಯಾಗಿ ಹರಿಯುತ್ತದೆ. ದೊರೆಯ ಕಾಯಿಲೆಗಳಿಗೆ ದವಡೆ ಕಾರಣವೂ ಅಲ್ಲ. ಆದರೆ ಜನ ಸಾಮ್ರಾಜ್ಯದ ಅವನತಿಯನ್ನು ಆ ಮುಖದಲ್ಲೇ ಓದಿದರು. ಅದು ಅನ್ಯಾಯವೆಂದೇ ನನ್ನ ಭಾವನೆ.

ಈಗಾಗಿದ್ದರೆ ಆತನ ದವಡೆಯನ್ನಾದರೂ ಸರಿಪಡಿಸಬಹುದಿತ್ತು. ಮೊದಲು ವರ್ಷ, ಒಂದೂವರೆ ವರ್ಷ ಕ್ಲಿಪ್ ಹಾಕಿ ಹಲ್ಲುಗಳನ್ನು ಆಯಾ ದವಡೆಯಲ್ಲಿ ನೇರವಾಗಿಸುತ್ತಾರೆ. ಈ ಅವಧಿಯಲ್ಲಿ ಚಾಚು ಇನ್ನಷ್ಟು ಎದ್ದು ಕಾಣುತ್ತದೆ. ನನ್ನ ಮಗಳು ಆಗ ಕನ್ನಡಿಯನ್ನೇ ದೂರವಿಟ್ಟಿದ್ದಳು. ಬಳಿಕ ಬಾಯಿಯ ಒಳಗಿನಿಂದಲೇ ಮೂಳೆ ಕೊಯ್ದು, ಮೇಲ್ದವಡೆಯನ್ನು ಮುಂದಕ್ಕೋ ಕೆಳದವಡೆಯನ್ನು ಹಿಂದಕ್ಕೋ ಸರಿಸಿ, ಟೈಟಾನಿಯಂ ಪಟ್ಟಿಗಳಿಂದ ಬಿಗಿಯುತ್ತಾರೆ. ಮತ್ತೆ ಕೆಲವು ತಿಂಗಳು ಕ್ಲಿಪ್. ಕೆಳತುಟಿ ಜೋಮು ಹಿಡಿಯುವುದುಂಟು. ಕೆಲವರಿಗೆ ಅದು ಉಳಿದೇಬಿಡುತ್ತದೆ. ಕೆಳದವಡೆಯನ್ನು ಹೀಗೆ ಒಳಗಿನಿಂದ ಸೀಳುವ ವಿಧಾನವನ್ನು ಟ್ರೌನರ್ ಮತ್ತು ಒಬ್ವೆಗೇಸರ್ 1957ರಲ್ಲಿ ಪ್ರಕಟಿಸಿದರು. ಅವರು ದುಡಿದ ಆಸ್ಟ್ರಿಯದ ಗ್ರಾಜ್, ಕಾರ್ಲೋಸನ ತಾಯಿಯ ತಂದೆ ಹುಟ್ಟಿದ ಊರು!

1700ರ ಅಕ್ಟೋಬರಿನಲ್ಲಿ ಆತ ರಾಜ್ಯವನ್ನು ಇಡಿಯಾಗಿ ಫ್ರಾನ್ಸ್ ದೊರೆ ಹದಿನಾಲ್ಕನೆಯ ಲೂಯಿಯ ಮೊಮ್ಮಗನಿಗೆ ಬರೆದುಕೊಟ್ಟ. ನವೆಂಬರ್ 1ರಂದು, ಅಣ್ಣ ಸತ್ತ ತಾರೀಖಿನಂದೇ, ಕಣ್ಣುಮುಚ್ಚಿದ. ಉತ್ತರಾಧಿಕಾರದ ಯುದ್ಧ 1714ರವರೆಗೆ ನಡೆಯಿತು.

ಕಳೆದ ಯುಗಾದಿಗೆ ಬಂದ ತಂಗಿ, ತನ್ನ ಮಗಳನ್ನು ನನ್ನ ಮಗನಿಗೆ ತಂದುಕೊಳ್ಳುವ ಮಾತೆತ್ತಿದಳು. ನಾನು ಈ ಕಥೆ ಹೇಳಿದೆ. ಪೂರ್ತಿ ಕೇಳಿ, ಕೈತಪ್ಪಲು ನಮ್ಮದೇನು ಸಾಮ್ರಾಜ್ಯವೇ ಎಂದು ನಕ್ಕಳು. ನಾನು ಒಪ್ಪಿಲ್ಲ, ಅವಳು ಆ ಮಾತು ಬಿಟ್ಟಿಲ್ಲ.