ಕುದುರೆ ಸವಾರಿಯ ಪಾಠ ಬರೆದ ಸೇನಾನಿ ಕ್ಸೆನೊಫನ್



ಇತಿಹಾಸದ ತರಗತಿಯಲ್ಲಿ ಗ್ರೀಸ್ ದೇಶದ ಹೆಸರು ಬಂದಾಗ ನಮಗೆ ಸಾಕ್ರಟೀಸ್, ಪ್ಲೇಟೋ, ಅಲೆಕ್ಸಾಂಡರ್ ನೆನಪಾಗುತ್ತಾರೆ. ಸಾಕ್ರಟೀಸನ ಬಳಿ ಕುಳಿತು ಕಲಿತ ಇನ್ನೊಬ್ಬ ಶಿಷ್ಯನಿದ್ದ. ಅವನು ಸೈನಿಕ, ಇತಿಹಾಸಕಾರ, ಎಲ್ಲಕ್ಕಿಂತ ಹೆಚ್ಚಾಗಿ ಕುದುರೆಗಳನ್ನು ಬಲ್ಲವನು. ಅವನೇ ಕ್ಸೆನೊಫನ್. ಕುದುರೆಯನ್ನು ಆರಿಸುವುದು, ಸಾಕುವುದು, ಪಳಗಿಸುವುದು ಮತ್ತು ಏರುವುದು ಹೇಗೆಂದು ಅವನು ಬರೆದ ಪುಸ್ತಕ ಸವಾರಿ ಕುರಿತು ಪೂರ್ಣವಾಗಿ ಉಳಿದುಬಂದಿರುವ ಅತ್ಯಂತ ಹಳೆಯ ಗ್ರಂಥಗಳಲ್ಲಿ ಒಂದು.

ಕ್ಸೆನೊಫನ್ ಸುಮಾರು ಕ್ರಿ.ಪೂ. 430ರಲ್ಲಿ ಅಥೆನ್ಸಿನ ಅನುಕೂಲಸ್ಥ ಮನೆಯಲ್ಲಿ ಹುಟ್ಟಿದ. ಅಲ್ಲಿ ಕುದುರೆ ಸಾಕುವುದು ಹಣವಂತರಿಗೆ ಮಾತ್ರ ಸಾಧ್ಯವಿತ್ತು. ಹಾಗಾಗಿ ಸವಾರಿ ಅವನಿಗೆ ಎಳೆಯ ವಯಸ್ಸಿನಿಂದಲೇ ದಕ್ಕಿದ ವಿದ್ಯೆ. ಆದರೆ ಅದರ ನಿಜವಾದ ಪರೀಕ್ಷೆ ನಡೆದದ್ದು ಮನೆಯಿಂದ ಬಹು ದೂರದ ನಾಡಿನಲ್ಲಿ.

ಕ್ರಿ.ಪೂ. 401ರಲ್ಲಿ ಪರ್ಷಿಯಾದ ರಾಜಕುಮಾರ ಸೈರಸ್ ತನ್ನ ಅಣ್ಣನಾದ ದೊರೆಯ ಮೇಲೆ ದಂಡೆತ್ತಿ ಹೊರಟ. ಅವನ ಸೈನ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಗ್ರೀಕ್ ಕೂಲಿ ಸೈನಿಕರಿದ್ದರು. ಗೆಳೆಯನೊಬ್ಬನ ಕರೆಯ ಮೇರೆಗೆ ಕ್ಸೆನೊಫನ್ ಕೂಡ ಹೊರಟ. ಅವನಿಗೆ ಅಲ್ಲಿ ಯಾವ ಹುದ್ದೆಯೂ ಇರಲಿಲ್ಲ. ಬ್ಯಾಬಿಲೋನ್ ಸಮೀಪದ ಕುನಾಕ್ಸಾ ಕದನದಲ್ಲಿ ಸೈರಸ್ ಸತ್ತ. ಮಾತುಕತೆಗೆಂದು ಕರೆಸಿಕೊಂಡು ಗ್ರೀಕ್ ಸೇನಾಪತಿಗಳನ್ನು ಮೋಸದಿಂದ ಕೊಲ್ಲಲಾಯಿತು. ಪರದೇಶದಲ್ಲಿ ದಾರಿ ತೋರುವವರಿಲ್ಲದೆ ನಿಂತ ಸೈನಿಕರು ಹೊಸ ನಾಯಕರನ್ನು ಆರಿಸಿಕೊಂಡರು. ಅವರಲ್ಲಿ ಕ್ಸೆನೊಫನ್ ಒಬ್ಬ.

ಗ್ರೀಕರ ಬಳಿ ಅಶ್ವದಳವಿರಲಿಲ್ಲ, ಶತ್ರುಗಳ ಬಳಿ ಬೇಕಾದಷ್ಟಿತ್ತು. ಹೆದರಿದ ಸೈನಿಕರಿಗೆ ಕ್ಸೆನೊಫನ್ ಧೈರ್ಯ ತುಂಬಿದ. ಕುದುರೆ ಕಚ್ಚಿಯೋ ಒದ್ದೋ ಯುದ್ಧದಲ್ಲಿ ಯಾರೂ ಸತ್ತಿಲ್ಲ, ಸವಾರನಿಗೆ ಬೀಳುವ ಭಯ ಬೇರೆ ಇರುತ್ತದೆ, ನೆಲದ ಮೇಲೆ ನಿಂತವನ ಏಟೇ ಗಟ್ಟಿ ಎಂದು ತಮಾಷೆಯಾಗಿ ತಿಳಿಹೇಳಿದ. ಆದರೆ ಶತ್ರುವಿನ ಸವಾರರು ದೂರದಿಂದ ಬಾಣ ಬಿಟ್ಟು ಓಡಿಹೋಗತೊಡಗಿದಾಗ ಬರೀ ಮಾತು ಸಾಲದೆಂದು ಅವನಿಗೇ ಅರಿವಾಯಿತು. ಸಾಮಾನು ಹೊರುತ್ತಿದ್ದ ಕುದುರೆಗಳಲ್ಲಿ ಒಳ್ಳೆಯವನ್ನು ಆರಿಸಿ 50 ಸವಾರರ ಸಣ್ಣ ದಳ ಕಟ್ಟಲಾಯಿತು.

ಒಮ್ಮೆ ಶತ್ರುಗಳಿಗಿಂತ ಮೊದಲು ಒಂದು ಬೆಟ್ಟದ ತುದಿಯನ್ನು ಮುಟ್ಟಬೇಕಾಗಿತ್ತು. ಕ್ಸೆನೊಫನ್ ಕುದುರೆಯ ಮೇಲೆ ಕುಳಿತು ಸೈನಿಕರನ್ನು ಹುರಿದುಂಬಿಸುತ್ತ ಸಾಗುತ್ತಿದ್ದ. ಆಗ ಸೊಟೆರಿಡಾಸ್ ಎಂಬ ಸೈನಿಕ, ನೀನು ಕುದುರೆಯ ಮೇಲಿದ್ದೀಯೆ, ನಾನು ಭಾರದ ಗುರಾಣಿ ಹೊತ್ತು ಸೋತುಹೋಗಿದ್ದೇನೆ ಎಂದು ಗೊಣಗಿದ. ಕ್ಸೆನೊಫನ್ ಉತ್ತರ ಕೊಡಲಿಲ್ಲ. ಕುದುರೆಯಿಂದ ಧುಮುಕಿ, ಅವನನ್ನು ಸಾಲಿನಿಂದ ಆಚೆ ತಳ್ಳಿ, ಅವನ ಗುರಾಣಿಯನ್ನು ತಾನೇ ಹೊತ್ತು ಏರತೊಡಗಿದ. ಅವನ ಮೈಮೇಲೆ ಸವಾರರು ತೊಡುವ ಭಾರವಾದ ಕವಚವೂ ಇತ್ತು. ಏದುಸಿರು ಬಿಡುತ್ತಲೇ ಹೆಜ್ಜೆ ಹಾಕಿದ. ಇದನ್ನು ಕಂಡ ಉಳಿದ ಸೈನಿಕರು ಸೊಟೆರಿಡಾಸನನ್ನು ಬೈದು ಹೊಡೆದು ಮತ್ತೆ ಗುರಾಣಿ ಹೊರುವಂತೆ ಮಾಡಿದರು. ಬೆಟ್ಟ ಗ್ರೀಕರ ವಶವಾಯಿತು.

ಚಳಿಗಾಲದಲ್ಲಿ ಸೈನ್ಯ ಆರ್ಮೇನಿಯಾದ ಹಿಮದಲ್ಲಿ ಸಿಕ್ಕಿಕೊಂಡಿತು. ಕುದುರೆಗಳು ಹೊಟ್ಟೆಯವರೆಗೂ ಹೂತುಹೋಗುತ್ತಿದ್ದವು. ಅಲ್ಲಿನ ಹಳ್ಳಿಯೊಂದರ ಮುಖ್ಯಸ್ಥ, ಕುದುರೆಗಳ ಪಾದಗಳಿಗೆ ಸಣ್ಣ ಚೀಲ ಕಟ್ಟಿ ನಡೆಸಬೇಕೆಂದು ಕಲಿಸಿಕೊಟ್ಟ. ಕುದುರೆಗಳ ವಿಷಯದಲ್ಲಿ ಹಳ್ಳಿಯವನಿಂದಲೂ ಕಲಿಯಲು ಕ್ಸೆನೊಫನ್ ಹಿಂಜರಿಯಲಿಲ್ಲ. ಕೇಳಿದ್ದನ್ನು ಮರೆಯದೆ ಬರೆದಿಟ್ಟ. ಕೊನೆಗೆ ಒಂದು ದಿನ ಮುಂಚೂಣಿಯಿಂದ ದೊಡ್ಡ ಕೂಗು ಕೇಳಿಸಿತು. ಶತ್ರುಗಳ ದಾಳಿಯೆಂದು ಭಾವಿಸಿ ಅವನು ಕುದುರೆ ಏರಿ ಧಾವಿಸಿದ. ಹತ್ತಿರ ಹೋದಾಗ ತಿಳಿಯಿತು, ಸೈನಿಕರು ಸಮುದ್ರವನ್ನು ಕಂಡು ಕೂಗುತ್ತಿದ್ದರು. ಅದು ಕಪ್ಪು ಸಮುದ್ರ. ಅಲ್ಲಿಂದ ಅವರು ಇಂದಿನ ಟರ್ಕಿಯ ಟ್ರಾಬ್ಜಾನ್ ನಗರವನ್ನು ತಲುಪಿದರು.

ಇಷ್ಟು ದೊಡ್ಡ ದಂಡನ್ನು ಪಾರು ಮಾಡಿದವನ ಕೈಯಲ್ಲಿ ಕೊನೆಗೆ ದಾರಿಖರ್ಚಿಗೂ ಹಣ ಉಳಿದಿರಲಿಲ್ಲ. ಲ್ಯಾಂಪ್ಸಕಸ್ ಎಂಬ ಊರಿನಲ್ಲಿ ತನ್ನ ಪ್ರೀತಿಯ ಕುದುರೆಯನ್ನು 50 ಪರ್ಷಿಯನ್ ಚಿನ್ನದ ನಾಣ್ಯಗಳಿಗೆ ಮಾರಿದ. ವಿಷಯ ತಿಳಿದ ಇಬ್ಬರು ಪರಿಚಿತರು ಅದನ್ನು ಮರಳಿ ಕೊಂಡು ಅವನಿಗೊಪ್ಪಿಸಿದರು, ಹಣ ಮುಟ್ಟಲು ಒಪ್ಪಲಿಲ್ಲ.

ಅವನು ಪರದೇಶದಲ್ಲಿದ್ದಾಗಲೇ, ಕ್ರಿ.ಪೂ. 399ರಲ್ಲಿ, ಅಥೆನ್ಸ್ ಅವನ ಗುರು ಸಾಕ್ರಟೀಸನಿಗೆ ಮರಣದಂಡನೆ ವಿಧಿಸಿತು. ಮುಂದೆ ಕ್ಸೆನೊಫನ್ ಸ್ಪಾರ್ಟಾದ ಪಕ್ಷ ಸೇರಿದ. ಅಥೆನ್ಸ್ ಅವನನ್ನು ಗಡೀಪಾರು ಮಾಡಿತು. ಒಲಿಂಪಿಯಾ ಸಮೀಪದ ಸ್ಕಿಲ್ಲಸ್ ಎಂಬಲ್ಲಿ ಜಮೀನು ಪಡೆದು, ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳೊಂದಿಗೆ ವರ್ಷಗಟ್ಟಲೆ ಅಲ್ಲಿ ನೆಲೆಸಿದ. ಬೇಟೆ, ಸವಾರಿ, ಬರವಣಿಗೆ ಅವನ ದಿನಚರಿಯಾಯಿತು.

ಇಳಿವಯಸ್ಸಿನಲ್ಲಿ ಅವನು ತನಗಿಂತ ಕಿರಿಯ ಗೆಳೆಯರಿಗಾಗಿ ಕುದುರೆ ಸವಾರಿಯ ಪುಸ್ತಕ ಬರೆದ. ಆಗ ರಿಕಾಪು ಇರಲಿಲ್ಲ, ಇಂದಿನಂಥ ಗಟ್ಟಿ ಜೀನು ಇರಲಿಲ್ಲ, ಗೊರಸಿಗೆ ಲಾಳವೂ ಇರಲಿಲ್ಲ. ಆದ್ದರಿಂದ ಅವನ ಪಾಠ ಶುರುವಾಗುವುದು ಗೊರಸಿನಿಂದ. ಅಡಿಪಾಯ ಗಟ್ಟಿಯಿಲ್ಲದ ಮನೆ ಹೇಗೋ, ಕಾಲು ಸರಿಯಿಲ್ಲದ ಕುದುರೆಯೂ ಹಾಗೆಯೇ. ಲಾಯದ ಹೊರಗೆ ನಾಲ್ಕೈದು ಗಾಡಿ ದುಂಡುಕಲ್ಲು ಸುರಿದು ಅದರ ಮೇಲೆ ಕುದುರೆಯನ್ನು ನಿಲ್ಲಿಸಿದರೆ ಗೊರಸು ತಾನಾಗಿಯೇ ಗಟ್ಟಿಯಾಗುತ್ತದೆ ಎಂಬುದು ಅವನ ಸಲಹೆ.

ಲಾಯ ಯಜಮಾನನ ಕಣ್ಣಿಗೆ ಬೀಳುವಂತಿರಬೇಕು. ಕುದುರೆ ಮೇವು ಬಿಟ್ಟರೆ ಅದಕ್ಕೆ ಹುಷಾರಿಲ್ಲವೆಂದು ಕೂಡಲೇ ಗೊತ್ತಾಗಬೇಕು. ಮೈ ತಿಕ್ಕುವವನು ಅದರ ಎದುರಿಗಾಗಲಿ ಹಿಂದೆಯಾಗಲಿ ನಿಲ್ಲದೆ ಭುಜದ ಪಕ್ಕ ನಿಲ್ಲಬೇಕು. ಕಡಿವಾಣವಿಲ್ಲದೆ ಹೊರಗೆ ಕರೆದೊಯ್ಯುವಾಗ ಕಚ್ಚದಂತೆ ಬಾಯಿಗೆ ಕುಕ್ಕೆ ಹಾಕಬೇಕು. ಮರಿಗೆ ಹಸಿವು, ಬಾಯಾರಿಕೆ, ನೊಣದ ಕಾಟ ತಪ್ಪುವುದು ಮನುಷ್ಯನಿಂದಲೇ ಎಂದು ತಿಳಿದರೆ ಅದು ಮನುಷ್ಯನನ್ನು ಪ್ರೀತಿಸಲು ಕಲಿಯುತ್ತದೆ. ಜನಸಂದಣಿ ಮತ್ತು ಗದ್ದಲದ ನಡುವೆ ನಡೆಸಿ ಅದರ ಅಂಜಿಕೆ ಬಿಡಿಸಬೇಕು.

ಸವಾರನಿಗೂ ಪಾಠವಿದೆ. ಹತ್ತುವಾಗ ಲಗಾಮನ್ನು ಜಗ್ಗಬಾರದು, ಕಿವಿಯ ಬಳಿಯ ಜೂಲನ್ನು ಹಿಡಿಯಬೇಕು. ಬೆನ್ನ ಮೇಲೆ ಕುರ್ಚಿಯಲ್ಲಿ ಕುಳಿತಂತೆ ಕೂರದೆ, ಕಾಲು ಅಗಲಿಸಿ ನೆಟ್ಟಗೆ ನಿಂತವನಂತೆ ಇರಬೇಕು. ಎಡಕ್ಕೂ ಬಲಕ್ಕೂ ಸಮನಾಗಿ ತಿರುಗಿಸುವ ಅಭ್ಯಾಸ ಮಾಡಬೇಕು.

ಇವೆಲ್ಲಕ್ಕಿಂತ ಮುಖ್ಯವಾಗಿ, ಕೋಪದಲ್ಲಿ ಕುದುರೆಯ ಬಳಿ ಹೋಗಲೇಬಾರದು. ಸಿಟ್ಟಿನ ಭರದಲ್ಲಿ ಮನುಷ್ಯ ಮುಂದೆ ಪಶ್ಚಾತ್ತಾಪಪಡುವ ಕೆಲಸ ಮಾಡುತ್ತಾನೆ. ಯಾವುದೋ ವಸ್ತುವನ್ನು ಕಂಡು ಕುದುರೆ ಬೆದರಿದರೆ ಸವಾರ ತಾನೇ ಆ ವಸ್ತುವನ್ನು ಮುಟ್ಟಿ ತೋರಿಸಿ, ಮೆಲ್ಲನೆ ಹತ್ತಿರ ಕರೆದೊಯ್ಯಬೇಕು. ಹೊಡೆದರೆ ಅದರ ಭಯ ಇಮ್ಮಡಿಯಾಗುತ್ತದೆ, ಏಕೆಂದರೆ ಆ ನೋವಿಗೂ ಆ ವಸ್ತುವೇ ಕಾರಣವೆಂದು ಅದು ತಿಳಿಯುತ್ತದೆ. ಒತ್ತಾಯದಿಂದ ಮಾಡಿಸಿದ ನಡೆಯಲ್ಲಿ ಅಂದವಿಲ್ಲ, ಚಾವಟಿಯಿಂದ ಹೊಡೆದು ನರ್ತಕನನ್ನು ಕುಣಿಸಲಾಗದು. ಈ ಮಾತು ತನ್ನದಲ್ಲ, ತನಗಿಂತ ಮೊದಲು ಕುದುರೆಗಳ ಬಗ್ಗೆ ಬರೆದ ಸೈಮನ್ ಎಂಬವನದು ಎಂದು ಕ್ಸೆನೊಫನ್ ಪ್ರಾಮಾಣಿಕವಾಗಿ ಹೇಳಿಕೊಂಡಿದ್ದಾನೆ.

ಅಥೆನ್ಸ್ ಮತ್ತು ಸ್ಪಾರ್ಟಾ ಮುಂದೆ ಸ್ನೇಹ ಬೆಳೆಸಿದವು. ಅವನ ಇಬ್ಬರು ಮಕ್ಕಳು ತಂದೆಯನ್ನು ಹೊರಹಾಕಿದ್ದ ಅಥೆನ್ಸಿನ ಪರವಾಗಿಯೇ ಅಶ್ವದಳ ಸೇರಿದರು. ಕ್ರಿ.ಪೂ. 362ರಲ್ಲಿ ಮಾಂಟಿನಿಯಾ ಕದನಕ್ಕೆ ಹೋದ ಮಗ ಗ್ರಿಲ್ಲಸ್ ಮರಳಿ ಬರಲಿಲ್ಲ. ಕ್ಸೆನೊಫನ್ ತೀರಿಕೊಂಡದ್ದು ಸುಮಾರು ಕ್ರಿ.ಪೂ. 354ರಲ್ಲಿ.

ಮಿತ್ರರೇ, ನಮ್ಮಲ್ಲಿ ಕುದುರೆ ಏರುವ ಅವಕಾಶ ಸಿಗುವವರು ಕೆಲವರೇ ಇರಬಹುದು. ಆದರೆ ತಮ್ಮನಿಗೆ ಲೆಕ್ಕ ಹೇಳಿಕೊಡುವಾಗ, ತಂಡದ ನಾಯಕರಾದಾಗ, ಮುಂದೆ ಶಿಕ್ಷಕರಾದಾಗ, ಹೆದರಿದ ಒಂದು ಜೀವ ನಮ್ಮ ಮುಂದೆ ನಿಲ್ಲುತ್ತದೆ. ಆಗ ಕೈ ಎತ್ತುವುದು ಸುಲಭ. ಮೊದಲು ನಾವೇ ಮುಟ್ಟಿ ತೋರಿಸಿ, ಆಮೇಲೆ ಹತ್ತಿರ ಕರೆಯುವುದಕ್ಕೆ ತಾಳ್ಮೆ ಬೇಕು. ಕ್ಸೆನೊಫನ್ ಕುದುರೆಗಳಿಂದ ಕಲಿತದ್ದು ಈ ತಾಳ್ಮೆಯನ್ನೇ.