ಕೈ ಸಡಿಲ ಬಿಡಿ, ಉಸಿರು ಕೆಳಗಿಳಿಯಲಿ

ಮಕ್ಕಳ ಡಬ್ಬಿ ಕಟ್ಟಿ ಕಳಿಸಿ, ಪಾತ್ರೆ ತೊಳೆಯಲು ನಿಂತಾಗ ನಿಮ್ಮ ಭುಜ ಎಲ್ಲಿದೆ ಅಂತ ಒಮ್ಮೆ ಗಮನಿಸಿ. ಕಿವಿಯ ಹತ್ತಿರ ಹೋಗಿ ಕೂತಿರುತ್ತೆ! ಅದನ್ನು ಕೆಳಗಿಳಿಸೋದನ್ನೇ ಜೀವನವಿಡೀ ಕಲಿಸಿದವರು ಚೀನಾದ ಚೆಂಗ್ ಮಾನ್‌ಚಿಂಗ್. ಚಿತ್ರಕಾರ, ಕವಿ, ವೈದ್ಯ, ಜೊತೆಗೆ ತಾಯ್ ಚಿ ಗುರು.

1902ರಲ್ಲಿ ಜೆಜಿಯಾಂಗ್ ಪ್ರಾಂತ್ಯದಲ್ಲಿ ಹುಟ್ಟಿದ ಈ ಹುಡುಗ ಬೇಗನೇ ತಂದೆಯನ್ನು ಕಳೆದುಕೊಂಡ. ಒಂಬತ್ತರ ವಯಸ್ಸಿನಲ್ಲಿ ತಲೆಗೆ ಇಟ್ಟಿಗೆ ಬಿದ್ದು ಪ್ರಜ್ಞೆಯೇ ತಪ್ಪಿತ್ತು. ಚೇತರಿಸಿಕೊಂಡ ಮೇಲೆ ಒಬ್ಬ ಚಿತ್ರಕಾರರ ಬಳಿ ಶಾಯಿ ತೇಯಲು ಕಳಿಸಿದರು. ಆ ಶಾಯಿಯೇ ಕೈಹಿಡಿಯಿತು. ಯೌವನದಲ್ಲೇ ಬೀಜಿಂಗ್, ಶಾಂಘೈಗಳಲ್ಲಿ ಚಿತ್ರಕಲೆಯ ಮೇಷ್ಟ್ರಾದರು.

ಆದರೆ ದುಡಿದು ದುಡಿದು ಕೆಮ್ಮಿದರೆ ರಕ್ತ ಬರತೊಡಗಿತು. ಕ್ಷಯ! ಆಗ ಅದಕ್ಕೆ ಮದ್ದೇ ಇರಲಿಲ್ಲ, ಸ್ಟ್ರೆಪ್ಟೊಮೈಸಿನ್ ಬಂದಿದ್ದು 1940ರ ದಶಕದಲ್ಲಿ. ಹಿಂದೆ ಸ್ವಲ್ಪ ದಿನ ಕಲಿತು ಬಿಟ್ಟಿದ್ದ ತಾಯ್ ಚಿಯನ್ನು ಮತ್ತೆ ಹಿಡಿದರು. (ಕಲಿತು ಬಿಡೋದು ನಮಗೇನೂ ಹೊಸದಲ್ಲ, ಅಲ್ವಾ?) ನಿಧಾನವಾಗಿ ಸುಧಾರಿಸಿದರು. ಇವತ್ತು ಟಿಬಿಗೆ ಮಾತ್ರೆಯ ಕೋರ್ಸ್ ಪೂರ್ತಿ ಮಾಡಲೇಬೇಕು, ವ್ಯಾಯಾಮ ಅದರ ಬದಲಿಗಲ್ಲ.

ಮುಂದೆ ಹೆಸರಾಂತ ಗುರು ಯಾಂಗ್ ಚೆಂಗ್‌ಫು ಅವರ ಶಿಷ್ಯರಾದರು. ಕಾಯಿಲೆಬಿದ್ದಿದ್ದ ಗುರುಪತ್ನಿಯನ್ನು ಚೆಂಗ್ ಗುಣಪಡಿಸಿದ್ದಕ್ಕೆ ಗುರುಗಳು ಮನಬಿಚ್ಚಿ ಕಲಿಸಿದರು ಎನ್ನುತ್ತಾರೆ. ಯಾಂಗ್ ಅವರ ಉದ್ದ ವರಸೆಯಲ್ಲಿ ಒಂದು ಲೆಕ್ಕದ ಪ್ರಕಾರ ನೂರಕ್ಕೂ ಹೆಚ್ಚು ಭಂಗಿಗಳು. ಯುದ್ಧದ ಕಾಲದಲ್ಲಿ ಬಹಳ ಮಂದಿಗೆ ಬೇಗ ಕಲಿಸಬೇಕಾಗಿ ಬಂದಾಗ, ಚೆಂಗ್ ಮರುಕಳಿಸುವ ಭಂಗಿಗಳನ್ನು ಕೈಬಿಟ್ಟು 37ಕ್ಕೆ ಇಳಿಸಿದರು. ಹತ್ತು ನಿಮಿಷದೊಳಗೆ ಮುಗಿಯುತ್ತೆ. ಕುಕ್ಕರ್ ಇಟ್ಟು ವಿಷಲ್ ಕಾಯುವಷ್ಟು ಹೊತ್ತು ನಮಗೂ ಸಿಗುತ್ತಲ್ಲ! ಸಂಪ್ರದಾಯಸ್ಥರಿಗೆ ಇದು ಹಿಡಿಸಲಿಲ್ಲ, ನನಗಂತೂ ಅವರ ದೊಡ್ಡ ಉಪಕಾರ ಇದೇ ಅನಿಸುತ್ತೆ.

ಅವರ ಪಾಠದ ಮೊದಲ ಮಾತು ಸಡಿಲಿಕೆ. ಮಂಡಿ ತುಸು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ನಿಲ್ಲಿ. ಮೈಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ನಿಧಾನ ದಾಟಿಸಿ. ಮಣಿಕಟ್ಟು ಮುರಿಯದೆ, ಬಿಗಿಯದೆ ಹಗುರಾಗಿರಲಿ. ಅದಕ್ಕೆ ಅವರಿಟ್ಟ ಹೆಸರೇ ಸುಂದರಿಯ ಕೈ. ಗಮನ, ಉಸಿರು ಎರಡೂ ಹೊಕ್ಕುಳಿನ ಕೆಳಗೆ ನೆಲೆಸಲಿ. ಆ ಜಾಗಕ್ಕೆ ಚೀನೀಯರು ಡಾಂಟಿಯೆನ್ ಅಂತಾರೆ. ಅವರ ನಂಬಿಕೆಯಂತೆ ಒಳಶಕ್ತಿ ಚಿ ಕೂಡಿಕೊಳ್ಳೋದು ಅಲ್ಲೇ. ಒತ್ತಾಯದಿಂದ ಉಸಿರು ತಳ್ಳಬೇಡಿ, ದಿನಾ ಮಾಡ್ತಾ ಅದಾಗೇ ಇಳಿಯುತ್ತೆ.

1949ರಲ್ಲಿ ಚೆಂಗ್ ತೈವಾನ್‌ಗೆ ಹೋದರು, 1964ರಲ್ಲಿ ನ್ಯೂಯಾರ್ಕ್‌ಗೆ. ಅಲ್ಲಿನ ಚೈನಾಟೌನ್‌ನಲ್ಲಿ ಉದ್ದಗೂದಲ ಅಮೆರಿಕನ್ ಹುಡುಗ ಹುಡುಗಿಯರಿಗೂ ಕಲಿಸಿದರು. ಹೊರಗಿನವರಿಗೆ ಯಾಕೆ ಅಂತ ಕೆಲವು ಚೀನೀಯರು ಮುನಿಸಿಕೊಂಡರೂ ನಿಲ್ಲಿಸಲಿಲ್ಲ. 1975ರ ಮಾರ್ಚ್‌ನಲ್ಲಿ ತೈವಾನ್‌ನಲ್ಲಿ ತೀರಿಕೊಂಡರು.

ಮಂಡಿನೋವು ಇದ್ದವರು ಆಳವಾಗಿ ಬಗ್ಗಬೇಡಿ. ಮೊದಲೆರಡು ವಾರ ಬರೀ ಭಾರ ದಾಟಿಸೋದನ್ನಷ್ಟೇ ಮಾಡಿ, ಭಂಗಿಗಳನ್ನು ಕಲಿತವರ ಹತ್ತಿರವೇ ಕಲಿಯಿರಿ.