ಮುಮ್ಮಡಿ ಕೃಷ್ಣರಾಜ ಒಡೆಯರ್

ಮುಮ್ಮಡಿ ಕೃಷ್ಣರಾಜ ಒಡೆಯರ್ (ಜುಲೈ 14, 1794 – ಮಾರ್ಚ್ 27, 1868) ಮೈಸೂರು ಸಂಸ್ಥಾನದ ಅರಸರು. ಸಾಹಿತ್ಯ, ಸಂಗೀತ ಮತ್ತು ಚಿತ್ರಕಲೆಗಳ ಪೋಷಕರು. ಚದುರಂಗದ ಇತಿಹಾಸದಲ್ಲಿ ಇವರ ಹೆಸರು ಉಳಿದಿರುವುದು ಪಂದ್ಯಗಳಿಂದಲ್ಲ, ಕುದುರೆಯ ನಡೆಯನ್ನು ಕುರಿತು ಇವರು ರಚಿಸಿದ ಬಂಧಗಳಿಂದ.

ಆಳ್ವಿಕೆ

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಬ್ರಿಟಿಷರು ಸುಮಾರು ಐದು ವರ್ಷದ ಈ ಬಾಲಕನನ್ನು ಸಿಂಹಾಸನದಲ್ಲಿ ಕೂರಿಸಿದರು. ರಾಣಿ ಲಕ್ಷ್ಮಮ್ಮಣ್ಣಿಯವರ ಆಶ್ರಯದಲ್ಲಿ ಇವರು ಬೆಳೆದರು. ರಾಜ್ಯಭಾರವನ್ನು ದಿವಾನ್ ಪೂರ್ಣಯ್ಯನವರು ನೋಡಿಕೊಂಡರು. ನಗರ ಪ್ರಾಂತದ ರೈತರ ದಂಗೆಯನ್ನು ಕಾರಣವಾಗಿಸಿ 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಪದವಿ ಮತ್ತು ಅರಮನೆ ಉಳಿದವು, ಅಧಿಕಾರ ಉಳಿಯಲಿಲ್ಲ. ರಾಜ್ಯವನ್ನು ಮರಳಿ ಪಡೆಯಲು ಇವರು ದಶಕಗಳ ಕಾಲ ಮನವಿ ಸಲ್ಲಿಸಿದರೂ ಅದು ಮರಳಿದ್ದು 1881ರಲ್ಲಿ, ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ.

ಚದುರಂಗ

ಅಧಿಕಾರವಿಲ್ಲದ ಆ ದೀರ್ಘಕಾಲದಲ್ಲಿ ಅರಮನೆಯು ವಿದ್ವಾಂಸರ, ಚಿತ್ರಕಾರರ ನೆಲೆಯಾಯಿತು. ಮಹಾರಾಜರು ಗಂಜೀಫಾ ಎಲೆಗಳ ಹೊಸ ಆಟಗಳನ್ನು ರೂಪಿಸಿದರು. ಇವುಗಳಿಗಿಂತ ಗಣಿತದ ದೃಷ್ಟಿಯಿಂದ ಮಹತ್ತ್ವದ್ದು ಕುದುರೆಯ ಸಂಚಾರ. ಕುದುರೆಯು ಒಂದು ಮನೆಗೆ ಒಮ್ಮೆ ಮಾತ್ರ ಕಾಲಿಟ್ಟು 64 ಮನೆಗಳನ್ನೂ ಸುತ್ತಬೇಕು. ಕಾಶ್ಮೀರದ ಆಲಂಕಾರಿಕ ರುದ್ರಟನ ಕಾಲದಿಂದಲೂ ಇದು ತುರಗಬಂಧವೆಂದು ಪರಿಚಿತ. ನಡೆಗಳಿಗೆ ಕ್ರಮವಾಗಿ 1ರಿಂದ 64ರವರೆಗೆ ಅಂಕಿ ಹಾಕಿದಾಗ ಪ್ರತಿ ಅಡ್ಡಸಾಲಿನ ಹಾಗೂ ಪ್ರತಿ ಕಂಬಸಾಲಿನ ಮೊತ್ತ 260 ಆಗುವಂತೆ ಮಾಡುವುದು ಇನ್ನೂ ಕಠಿಣ. ಇಂತಹ ಸಂಚಾರವನ್ನು ಇಂಗ್ಲೆಂಡಿನ ವಿಲಿಯಂ ಬೆವರ್ಲಿ 1848ರಲ್ಲಿ ಪ್ರಕಟಿಸಿದ್ದರು. ಅದಾದ ಕೆಲವೇ ವರ್ಷಗಳಲ್ಲಿ ಮೈಸೂರಿನ ಅರಮನೆಯಲ್ಲಿಯೂ ಅದು ಸಿದ್ಧಿಸಿತು. ಮೂಲೆಯಿಂದ ಮೂಲೆಗೆ ಹೋಗುವ ಎರಡು ಕರ್ಣಗಳ ಮೊತ್ತವೂ 260 ಆಗುವುದು ಅಸಾಧ್ಯವೆಂದು 2003ರಲ್ಲಿ ಗಣಕಯಂತ್ರದ ನೆರವಿನಿಂದ ತಿಳಿದುಬಂದಿತು.

ದೇಶೀ ಆಟದಲ್ಲಿ ಕಾಲಾಳು ಸಾಮಾನ್ಯವಾಗಿ ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದೆ ಹೋಗುತ್ತಿತ್ತು. ಯುರೋಪಿನ ಆಟದಲ್ಲಿ ಎರಡು ಮನೆ ಹೋಗಬಹುದಿತ್ತು. ಹೀಗಾಗಿ ಎರಡು ಪದ್ಧತಿಗಳ ಆರಂಭದ ನಡೆಗಳು ಭಿನ್ನವಾಗಿದ್ದವು. ಕುದುರೆಯ ನಡೆಯಲ್ಲಿ ವ್ಯತ್ಯಾಸವಿರಲಿಲ್ಲ. ಆದುದರಿಂದಲೇ ಮಹಾರಾಜರ ಬಂಧಗಳು ವಿವರಣೆಯ ಹಂಗಿಲ್ಲದೆ ಹೊರದೇಶದ ಚದುರಂಗ ಇತಿಹಾಸಕಾರರಿಗೂ ಅರ್ಥವಾದವು.

ಕೃತಿಗಳು

ಒಂಬತ್ತು ನಿಧಿಗಳ ಸಚಿತ್ರ ಗ್ರಂಥ ಶ್ರೀತತ್ತ್ವನಿಧಿ ಇವರ ಹೆಸರಿನಲ್ಲಿ ಪ್ರಸಿದ್ಧ. ಅದರ ಕೊನೆಯ ಭಾಗವಾದ ಕೌತುಕನಿಧಿಯು ಆಟಗಳಿಗೆ ಮೀಸಲಾಗಿದೆ.